ಕುದುರೆಯ ಮೇವೂ ಅದರ ಜೀರ್ಣಪ್ರಮಾಣವೂ

ನಮ್ಮ ಒಕ್ಕಲಿಗರು ಮೇವನ್ನು ಹೊರೆಯಿಂದ ಅಳೆಯುವರು, ಬಂಡಿಯ ಲೆಕ್ಕದಲ್ಲಿ ಕೊಳ್ಳುವರು. ಆದರೆ ಪ್ರಾಣಿಯ ಮೈಗೆ ಹತ್ತುವದು ಹೊರೆಯಲ್ಲ. ಆ ಹೊರೆಯಲ್ಲಿ ಜೀರ್ಣವಾದ ಭಾಗವು ಮಾತ್ರ. ಉಳಿದದ್ದು ತಿಪ್ಪೆಯ ಪಾಲು. ಮಳೆಯಿಲ್ಲದ ವರ್ಷ ಮೇವನ್ನು ಹಣ ಕೊಟ್ಟು ತರಿಸುವಾಗ ಈ ಭೇದವನ್ನು ಅರಿಯದವನು ತಿಪ್ಪೆಗಾಗಿಯೇ ಹಣ ತೆತ್ತಂತಾಗುವದು.

ಗದಗ-ಬೆಟಗೇರಿಯ ಬೀದಿಗಳಲ್ಲಿ ಟಾಂಗಾ ಕುದುರೆಗಳು ಈಗ ಅಪರೂಪ. ಆದರೂ ಸುಗ್ಗಿ ಮುಗಿದ ಬಳಿಕ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಹೊಲಗಳಿಗೆ ಕುರಿಹಿಂಡುಗಳು ಬರುವಾಗ, ಹಾಸಿಗೆ ಪಾತ್ರೆಗಳನ್ನೂ ಎಳೆಮರಿಗಳನ್ನೂ ಹೊತ್ತ ತಟ್ಟುಕುದುರೆಗಳೂ ಬರುವದುಂಟು. ಗೊಬ್ಬರಕ್ಕಾಗಿ ಹಿಂಡನ್ನು ಹೊಲದಲ್ಲಿ ನಿಲ್ಲಿಸಿಕೊಳ್ಳುವ ಜಮೀನುದಾರರು ಈ ತಟ್ಟುಗಳ ಚಿಂತೆಯನ್ನೂ ಮಾಡಬೇಕು. ತಟ್ಟು ಸೋತರೆ ಹಿಂಡಿನ ಪಯಣವೇ ಕುಂದುವದು.

ಎತ್ತು ಮೆಲುಕು ಹಾಕುವ ಪ್ರಾಣಿ, ಕುದುರೆ ಹಾಗಲ್ಲ. ಕುದುರೆ ತಿಂದ ನಾರು ಪಕ್ವವಾಗುವದು ದೊಡ್ಡ ಕರುಳಿನಲ್ಲಿ. ಆದುದರಿಂದ ಜೋಳದ ಕಣಿಕೆಯಂಥ ಒರಟು ಮೇವಿನಿಂದ ಎತ್ತು ಪಡೆಯುವಷ್ಟು ಸತ್ವವನ್ನು ಕುದುರೆಯು ಪಡೆಯಲಾರದು. ಎತ್ತುಗಳಿಂದ ಕಂಡುಕೊಂಡ ಅಂಕಿಯನ್ನು ತಟ್ಟುಗಳಿಗೆ ಹಚ್ಚುವದು ತಪ್ಪು.

ಜೀರ್ಣಪ್ರಮಾಣವನ್ನು ಅಳೆಯುವ ಹಳೆಯ ಕ್ರಮವೆಂದರೆ, ತಿಂದ ಮೇವನ್ನೆಲ್ಲ ತೂಗಿ, ಹಲವು ದಿನಗಳ ಲದ್ದಿಯನ್ನೆಲ್ಲ ಕೂಡಿಸಿ ತೂಗುವದು. ಊರೂರು ಅಲೆಯುವ ತಟ್ಟುಗಳ ವಿಷಯದಲ್ಲಿ ಇದು ಸಾಗದು. ಇದಕ್ಕೆ ವಿದ್ವಾಂಸರು ಕಂಡ ಉಪಾಯವೇ ಜೀರ್ಣವಾಗದ ಗುರುತಿನ ವಸ್ತು. ಹೊಟ್ಟೆಯಲ್ಲಿ ಮೇವು ಕರಗಿ ಕಡಿಮೆಯಾಗುವದು. ಗುರುತಿನ ವಸ್ತುವು ಕರಗದೆ ಹೊರಬೀಳುವದು. ಲದ್ದಿಯಲ್ಲಿ ಅದರ ಪಾಲು ಹೆಚ್ಚಿದಷ್ಟೂ ಮೇವು ಹೆಚ್ಚು ಜೀರ್ಣವಾಯಿತೆಂದು ಅರ್ಥ. ಒಣಮೇವಿನಲ್ಲಿ ನೂರಕ್ಕೆ 2 ಪಾಲು, ಒಣಗಿಸಿದ ಲದ್ದಿಯಲ್ಲಿ ನೂರಕ್ಕೆ 4 ಪಾಲು ಇದ್ದರೆ ಅರ್ಧ ಮೇವು ಜೀರ್ಣವಾಗಿದೆ. ಲದ್ದಿಯಲ್ಲಿ 5 ಪಾಲಿದ್ದರೆ ನೂರಕ್ಕೆ 60ರಷ್ಟು ಜೀರ್ಣವಾಗಿದೆ.

ಸ್ವೀಡನ್ ದೇಶದ ಎಡಿನ್ ಎಂಬವರು 1918ರಲ್ಲಿ ಇದಕ್ಕಾಗಿ ಕ್ರೋಮಿಕ್ ಆಕ್ಸೈಡ್ ಎಂಬ ಹಸಿರು ಪುಡಿಯನ್ನು ಸೂಚಿಸಿದರು. ಮೇವಿನಲ್ಲಿ ಸಹಜವಾಗಿಯೇ ಇರುವ, ಆಮ್ಲದಲ್ಲಿ ಕರಗದ ಬೂದಿಯನ್ನೇ ಗುರುತಾಗಿ ಹಿಡಿಯುವ ಕ್ರಮವನ್ನು ವ್ಯಾನ್ ಕ್ಯೂಲೆನ್ ಮತ್ತು ಯಂಗ್ ಎಂಬವರು 1977ರಲ್ಲಿ ಕುರಿಗಳ ಮೇಲೆ ಪರೀಕ್ಷಿಸಿ ಪ್ರಕಟಿಸಿದರು. ಮುಂದೆ ಅದನ್ನು ಕುದುರೆಗಳಿಗೂ ಬಳಸಲಾಗಿದೆ. ನಮ್ಮ ಸೀಮೆಗೆ ಈ ಎರಡನೆಯದೇ ಲೇಸೆಂದು ನನ್ನ ಅಭಿಪ್ರಾಯ. ಪ್ರಾಣಿಗೆ ಹೊಸ ಪದಾರ್ಥವನ್ನು ತಿನ್ನಿಸುವ ಗೋಜಿಲ್ಲ. ಪ್ರಯೋಗಶಾಲೆಯಲ್ಲಿ ಕುಲುಮೆ, ಆಮ್ಲ, ಸೂಕ್ಷ್ಮ ತಕ್ಕಡಿಗಳಿದ್ದರೆ ಕೆಲಸ ನಡೆಯುವದು.

ಆದರೆ ಇದರಲ್ಲೊಂದು ತೊಡಕುಂಟು. ಆಮ್ಲದಲ್ಲಿ ಕರಗದ ಬೂದಿಯೆಂದರೆ ಬಹುಮಟ್ಟಿಗೆ ಮರಳಿನ ಅಂಶವೇ. ನಮ್ಮ ಎರೆಹೊಲದ ಮಣ್ಣು ಲದ್ದಿಗೆ ಅಂಟಿದರೆ, ಅಥವಾ ಪ್ರಾಣಿಯು ನೆಲವನ್ನು ನೆಕ್ಕಿದರೆ, ಮೇವು ನಿಜಕ್ಕಿಂತ ಹೆಚ್ಚು ಜೀರ್ಣವಾದಂತೆ ತೋರುವದು. ಪರೀಕ್ಷೆಗೆ ತೆಗೆದ ಮೇವಿನಲ್ಲಿ ಮಾತ್ರ ಧೂಳು ಹೆಚ್ಚಿದ್ದರೆ ಕಡಿಮೆಯೆಂದು ತೋರುವದು. ಆದಕಾರಣ ಲದ್ದಿಯನ್ನು ನೆಲಕ್ಕೆ ಬೀಳಗೊಡದೆ, ದಿನದ ಬೇರೆಬೇರೆ ಹೊತ್ತಿನಲ್ಲಿ, ಕೆಲವು ದಿನ ಸಂಗ್ರಹಿಸತಕ್ಕದ್ದು. ಇಷ್ಟು ಎಚ್ಚರಿಕೆಯಿಲ್ಲದ ಅಂಕಿಗಿಂತ ಅಂಕಿಯಿಲ್ಲದಿರುವದೇ ಮೇಲು.

ಗದಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ನಾಲ್ಕೂ ಕಡೆಯ ಗೌಡರೂ ಹಿರಿಯರೂ ಕೂಡಿ, ಕಣಿಕೆ, ಶೇಂಗಾ ಬಳ್ಳಿ, ಕಡಲೆಹೊಟ್ಟು, ಹುರುಳಿ ಇವುಗಳಲ್ಲಿ ತಟ್ಟುಗಳಿಗೆ ಎಷ್ಟೆಷ್ಟು ಜೀರ್ಣವಾಗುವದೆಂಬುದನ್ನು ಪರೀಕ್ಷಿಸಿಕೊಡಿರೆಂದು ಅಲ್ಲಿ ವಿನಂತಿಸಬೇಕು. ಮೇವನ್ನೂ ಕಟ್ಟುವ ಜಾಗವನ್ನೂ ಊರವರು ಒದಗಿಸಲಿ. ತಟ್ಟುಗಳನ್ನು ಕೊಡುವ ಕುರಿಗಾರರಿಗೆ ಆ ದಿನಗಳ ನಷ್ಟವನ್ನು ತುಂಬಿಕೊಡಲಿ. ಬಂದ ಅಂಕಿಗಳನ್ನು ಚಾವಡಿಯಲ್ಲಿ ಬರೆದು ಹಚ್ಚಲಿ.

ಅಲ್ಲಿಯವರೆಗೆ ಮಾಡತಕ್ಕದ್ದೂ ಇದೆ. ಮೇವನ್ನು ಅಟ್ಟಣೆಯ ಮೇಲಿಟ್ಟು, ಧೂಳು ಝಾಡಿಸಿ ಹಾಕಿರಿ. ನುಂಗಿದ ಮರಳು ಕರುಳಿನಲ್ಲಿ ನಿಂತು ಕುದುರೆಗೆ ಪ್ರಾಣಾಂತಿಕ ಹೊಟ್ಟೆಶೂಲೆಯನ್ನು ತರಬಲ್ಲದು. ಹುರುಳಿಯನ್ನು ಬೇಯಿಸಿಯೇ ಕೊಡಿರಿ. ಲದ್ದಿಯಲ್ಲಿ ಇಡಿಯ ಕಾಳೂ ಉದ್ದನೆಯ ನಾರೂ ಕಂಡರೆ ಹಲ್ಲನ್ನು ಪರೀಕ್ಷಿಸಿರಿ. ಕೊಟ್ಟ ಮೇವು ಎಲ್ಲಿ ಹೋಯಿತೆಂದು ವಿಚಾರಿಸುವದೂ ಒಕ್ಕಲುತನದ ಒಂದು ಅಂಗವೇ ಆಗಿದೆ.