ಮಾರಿ ನೋಡಿ ಮಾತಾಡದವರ ಅರ್ಜಿ

"ಮಾರಿ ನೋಡಿ ಮಾತಾಡೋ." ವಿಜಯಪುರ ಜಿಲ್ಲೆಯಲ್ಲಿ ಈ ಮಾತು ಕೇಳದೆ ಬೆಳೆದ ಮಕ್ಕಳು ಕಡಿಮೆ. ಎದುರಿಗಿದ್ದವರ ಕಣ್ಣು ತಪ್ಪಿಸಿದರೆ ಸುಳ್ಳು ಹೇಳುತ್ತಿದ್ದಾನೆ ಎಂದೋ, ಸೊಕ್ಕಿನವನು ಎಂದೋ ತೀರ್ಮಾನ. ಆಟಿಸಂ ಇರುವ ಅನೇಕರ ಪಾಡೇ ಬೇರೆ. ಕಣ್ಣಲ್ಲಿ ಕಣ್ಣಿಟ್ಟರೆ ಅವರಿಗೆ ಮಾತು ತಲೆಗೆ ಇಳಿಯುವುದಿಲ್ಲ. ನೆಲ ನೋಡುತ್ತ ನಿಂತಾಗಲೇ ಚೆನ್ನಾಗಿ ಕೇಳಿಸಿಕೊಳ್ಳುತ್ತಿರುತ್ತಾರೆ.

ನಿಡಗುಂದಿಯಿಂದ ಇಂಥ ಹುಡುಗನೊಬ್ಬ ಡಿಗ್ರಿಗೆ ಹೊರಟಿದ್ದಾನೆ ಎಂದಿಟ್ಟುಕೊಳ್ಳಿ. ಬಸ್ ನಿಲ್ದಾಣದ ಹಾರ್ನ್, ಕಾಲಿಡಲು ಜಾಗವಿಲ್ಲದ ಬಸ್ಸು, ಕಿವಿಯ ಪಕ್ಕದಲ್ಲೇ ಯಾರದೋ ಮೊಬೈಲಿನ ಹಾಡು. ಕಾಲೇಜು ಮುಟ್ಟುವಷ್ಟರಲ್ಲಿ ದಿನದ ಅರ್ಧ ಶಕ್ತಿ ಖರ್ಚಾಗಿರುತ್ತದೆ. ಅಲ್ಲಿ ನೋಡಿದರೆ ಟೈಮ್‌ಟೇಬಲ್ ಬದಲಾಗಿದೆ, ಕೋಣೆಯೂ ಬದಲಾಗಿದೆ, ಯಾರೂ ಮೊದಲೇ ಹೇಳಿಲ್ಲ. ಹೈಸ್ಕೂಲಿನ ತನಕ ಅವ್ವ ಹೋಗಿ, "ನಮ್ಮ ಹುಡುಗ ಸ್ವಲ್ಪ ಬ್ಯಾರೆ ಅದಾನ್ರೀ ಸರ, ಸಂಭಾಳಿಸ್ರಿ" ಎಂದು ಹೇಳಿ ಬರುತ್ತಿದ್ದಳು. ಕಾಲೇಜಿಗೆ ಅವ್ವ ಬಂದರೆ ಜೊತೆಯವರು ನಗುತ್ತಾರೆ. ಇನ್ನು ಅವನೇ ಕೇಳಬೇಕು. ಯಾರಿಗೆ ಮಾತು ಎಲ್ಲಕ್ಕಿಂತ ಕಷ್ಟವೋ ಅವರ ಮೇಲೆಯೇ ಕೇಳುವ ಭಾರ ಬೀಳುತ್ತದೆ. ಇದು ಅನ್ಯಾಯ.

ಆಟಿಸಂ ಎಂದೊಡನೆ ನಮ್ಮ ಕಣ್ಣ ಮುಂದೆ ಪುಟ್ಟ ಮಕ್ಕಳೇ ಬರುತ್ತಾರೆ. ಮಕ್ಕಳು ಬೆಳೆಯುತ್ತಾರೆ, ಆಟಿಸಂ ಜೊತೆಗೇ ಇರುತ್ತದೆ. ಕಾನೂನಿಗೂ ಇದು ತಡವಾಗಿಯೇ ತಿಳಿಯಿತು. 1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ಆಟಿಸಂ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿದಾಗ ಅದೂ ಸೇರಿತು. ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಇದ್ದವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು, ವಯೋಮಿತಿಯಲ್ಲಿ ಐದು ವರ್ಷದ ಸಡಿಲಿಕೆ ಇದೆ. 2018ರ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ. ಮೂರು ಗಂಟೆಯ ಪೇಪರಿಗೆ ನಾಲ್ಕು ಗಂಟೆ. ಇದು ಪ್ರಾಂಶುಪಾಲರು ದೊಡ್ಡ ಮನಸ್ಸು ಮಾಡಿ ಕೊಡುವ ಉಪಕಾರವಲ್ಲ.

ಕಾಗದದ ಮೇಲಿನ ಈ ಗಂಟೆ ಪರೀಕ್ಷಾ ಕೋಣೆಗೆ ಬರುತ್ತದೆಯೇ? 2021ರ ನೀಟ್ ಪರೀಕ್ಷೆಯಲ್ಲಿ ಡಿಸ್‌ಗ್ರಾಫಿಯಾ, ಅಂದರೆ ಬರವಣಿಗೆಯ ತೊಂದರೆ ಇದ್ದ ವಿದ್ಯಾರ್ಥಿನಿಯೊಬ್ಬಳಿಗೆ ಬರಲಿಲ್ಲ. ಎಲ್ಲರ ಜೊತೆಗೇ ಅವಳ ಉತ್ತರ ಪತ್ರಿಕೆಯನ್ನೂ ಕಿತ್ತುಕೊಂಡರು. ಆ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವಳಿಗಾದ ಅನ್ಯಾಯವನ್ನು ಒಪ್ಪಿತು, ಪರೀಕ್ಷಾ ಕೇಂದ್ರದವರಿಗೆ ತರಬೇತಿ ಬೇಕೆಂದು ಹೇಳಿತು. ಮರುಪರೀಕ್ಷೆ ಮಾತ್ರ ಸಿಗಲಿಲ್ಲ. ಅದೇ ವರ್ಷದ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಯ ಪ್ರಕರಣದಲ್ಲಿ ಅದೇ ಕೋರ್ಟಿನ ತೀರ್ಪು ಬಂದಿತ್ತು: ಬರೆಯಲು ಸಹಾಯಕರನ್ನು ಪಡೆಯಲು ಶೇ 40ರ ಗೆರೆ ಅಡ್ಡಬರಬಾರದು, ಅನುಕೂಲ ಆಯಾ ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ ಇರಬೇಕು.

'ಆಯಾ ವ್ಯಕ್ತಿ' ಎಂಬಲ್ಲೇ ವಿಷಯದ ತಿರುಳಿದೆ. ಒಬ್ಬಳಿಗೆ ಹೆಚ್ಚಿನ ಸಮಯ ಬೇಕು. ಇನ್ನೊಬ್ಬನಿಗೆ ಸಮಯ ಸಾಕು, ಕರ್ರೆನ್ನುವ ಫ್ಯಾನಿನಿಂದ ದೂರದ ಬೆಂಚು ಬೇಕು. ಮತ್ತೊಬ್ಬನಿಗೆ ಬಾಯಿಮಾತಿನ ಅಸೈನ್‌ಮೆಂಟ್ ಬರೆದು ಕೊಟ್ಟರೆ ಸಾಕು. ಯಾವುದು ತನಗೆ ಆಗಿಬರುತ್ತದೆ ಎಂಬುದು ಆ ವಿದ್ಯಾರ್ಥಿಗೇ ಚೆನ್ನಾಗಿ ಗೊತ್ತು.

ಆಟಿಸಂ ಇರುವ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಎಂಬಾಕೆಯ ಕಥೆ ದನ ಸಾಕಿದ ನಮ್ಮ ಜನಕ್ಕೆ ಬೇಗ ಅರ್ಥವಾದೀತು. ಪಶು ಆಸ್ಪತ್ರೆಯ ಮುಂದೆ ಸೂಜಿ ಹಾಕುವಾಗ ದನ ನಿಲ್ಲಿಸುವ ಚೌಕಟ್ಟು ಇರುತ್ತದಲ್ಲ, ಅಂಥದೇ ಒಂದರಲ್ಲಿ ಎರಡೂ ಪಕ್ಕೆ ಒತ್ತಿ ಹಿಡಿದಾಗ ದನಗಳು ಶಾಂತವಾಗುವುದನ್ನು ಹದಿಹರೆಯದ ಆಕೆ ಚಿಕ್ಕಮ್ಮನ ತೋಟದಲ್ಲಿ ಕಂಡಳು. ತನ್ನ ತಳಮಳಕ್ಕೂ ಇದೇ ಮದ್ದೆಂದು ತನಗಾಗಿ ಒಂದು ಒತ್ತುಯಂತ್ರ ಕಟ್ಟಿಕೊಂಡಳು. ಕಾಲೇಜಿನ ಮನಶ್ಶಾಸ್ತ್ರಜ್ಞರು ಅದನ್ನು ಕಿತ್ತುಕೊಳ್ಳಲು ನೋಡಿದರು. ಅದು ಏಕೆ ನೆಮ್ಮದಿ ಕೊಡುತ್ತದೆ ಎಂಬುದನ್ನು ನೀನೇ ಸಂಶೋಧಿಸು ಎಂದು ಬೆನ್ನು ತಟ್ಟಿದವರು ಆಕೆಯ ವಿಜ್ಞಾನ ಶಿಕ್ಷಕರು. 1989ರಲ್ಲಿ ಆಕೆ ಪ್ರಾಣಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಅಂಥ ಮೇಷ್ಟ್ರು ನಮ್ಮ ಕಾಲೇಜುಗಳಲ್ಲೂ ಇದ್ದಾರೆ. ಅವರಿಗೆ ವಿಷಯ ತಿಳಿಸುವವರಿಲ್ಲ.

ತಿಳಿಸದಿರಲು ಮನೆಯ ಕಾರಣಗಳೂ ಉಂಟು. ಸರ್ಟಿಫಿಕೇಟ್ ಮಾಡಿಸಿದರೆ ನಾಳೆ ತಂಗಿಯ ಲಗ್ನಕ್ಕೆ ಅಡ್ಡಿಯಾದೀತೆಂಬ ಅಂಜಿಕೆ ಸಣ್ಣದಲ್ಲ; ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಪೇಟೆಯವರ ದುಡುಕು. ಆದರೆ ಮುಚ್ಚಿಟ್ಟದ್ದರ ಬೆಲೆ ತೆರುವವನು ಪರೀಕ್ಷೆಗೆ ಕೂತ ಹುಡುಗ. ಹದಿನೆಂಟು ತುಂಬಿದವನನ್ನು ಕೂರಿಸಿಕೊಂಡು, ನಿನಗೇನು ಬೇಕು ಎಂದು ಮನೆಯವರು ಮೊದಲು ಕೇಳಬೇಕು. ಸರ್ಕಾರಿ ನೌಕರಿಯಲ್ಲೂ ಆಟಿಸಂ ಸೇರಿದಂತೆ ಕೆಲವು ವರ್ಗಗಳಿಗೆ ಒಟ್ಟಾಗಿ ಶೇ 1 ಮೀಸಲಾತಿಯಿದೆ; ಆ ಸರ್ಟಿಫಿಕೇಟ್ ಅಲ್ಲಿಯೂ ಬೇಕಾಗುತ್ತದೆ.

ಕೇಳುವುದೆಂದರೆ ಸ್ಟಾಫ್ ರೂಮಿನಲ್ಲಿ ನಿಂತು ಭಾಷಣ ಮಾಡುವುದಲ್ಲ. ಅರ್ಧ ಪುಟದ ಅರ್ಜಿ ಸಾಕು: "ನನಗೆ ಆಟಿಸಂ ಇದೆ. ಗದ್ದಲದಲ್ಲಿ ಮಾತು ಹೊರಡುವುದಿಲ್ಲ. ಸೂಚನೆಗಳನ್ನು ಬರೆದು ಕೊಡಿ. ಕೋಣೆ ಬದಲಾದರೆ ಹಿಂದಿನ ದಿನ ಮೊಬೈಲಿಗೆ ತಿಳಿಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಡಿ." ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಬೇಕು. ಉತ್ತರ ಬಾರದಿದ್ದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಇಂಥ ಪತ್ರ ಬರೆಯುವುದನ್ನು ಒಂಬತ್ತನೇ ಇಯತ್ತೆಯಲ್ಲೇ ಕಲಿಸಿದರೆ ಕಾಲೇಜಿನ ಹೊಸ್ತಿಲಲ್ಲಿ ಅವನು ಕಂಗಾಲಾಗುವುದಿಲ್ಲ.

ಅಷ್ಟಾದರೂ ಮೊದಲ ಹೆಜ್ಜೆ ಕಾಲೇಜಿನದೇ ಆಗಬೇಕು. ನಿಡಗುಂದಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿಯ ಪ್ರಾಂಶುಪಾಲರಲ್ಲಿ ಒಂದು ವಿನಂತಿ: ಮುಂದಿನ ಪ್ರವೇಶ ಅರ್ಜಿ ಅಚ್ಚಿಗೆ ಹೋಗುವ ಮೊದಲು "ಕಲಿಯಲು, ಪರೀಕ್ಷೆ ಬರೆಯಲು ನಿಮಗೆ ಏನು ಅನುಕೂಲ ಬೇಕು?" ಎಂಬ ಒಂದು ಸಾಲು ಸೇರಿಸಿ, ಅದರ ಕೆಳಗೆ ಉತ್ತರ ಓದಿ ಕ್ರಮ ಕೈಗೊಳ್ಳುವ ಉಪನ್ಯಾಸಕರ ಹೆಸರು ಮತ್ತು ಮೊಬೈಲ್ ನಂಬರು ಹಾಕಿಸಿ.