ಡಿಕ್ಕಿಯಲ್ಲಿ ಸಿಲಿಂಡರ್, ರಸ್ತೆಯಲ್ಲಿ ಜನ

ಕೆಲವು ವಾರಗಳ ಹಿಂದೆ ತಂಗಿ ದೂರವಾಣಿ ಮಾಡಿ, ‘ಅಣ್ಣಾ, ಇವನು ಕಾರಿಗೆ ಅದೇನೋ ಗ್ಯಾಸ್ ಹಾಕಿಸ್ತಿದ್ದಾನಂತೆ. ನನ್ನ ಮಾತಂತೂ ಕೇಳಲ್ಲ, ನೀನಾದರೂ ಹೋಗಿ ನೋಡು’ ಎಂದಳು. ಪೆಟ್ರೋಲ್ ಖರ್ಚು ಉಳಿಸಲು ಸಿಎನ್‌ಜಿ ಕಿಟ್ ಹಾಕಿಸುತ್ತಿರಬಹುದು, ಅದರಲ್ಲಿ ಆತಂಕಪಡುವಂಥದ್ದೇನಿದೆ ಎಂದುಕೊಂಡೇ ಒಂದು ಭಾನುವಾರ ಹಳದಿ ಮಾರ್ಗದ ಮೆಟ್ರೊ ಹತ್ತಿ ಬೊಮ್ಮಸಂದ್ರದಲ್ಲಿ ಇಳಿದೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿರುವ ಸೋದರಳಿಯ ನಿಲ್ದಾಣಕ್ಕೇ ಬಂದು ಕರೆದೊಯ್ದ. ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲೊಂದು ಬಾಡಿಗೆ ಶೆಡ್. ಒಳಗೆ ಬಾನೆಟ್ ತೆರೆದು ನಿಂತಿದ್ದ ಕಾರು. ಪಕ್ಕದಲ್ಲಿ ನೀಲಿ ಸಿಲಿಂಡರ್. ಅದರೊಳಗಿದ್ದದ್ದು ಸಿಎನ್‌ಜಿ ಅಲ್ಲ, ನೈಟ್ರಸ್ ಆಕ್ಸೈಡ್. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಅರಿವಳಿಕೆ ತಜ್ಞರು ಬಳಸುವ, ಜನ ‘ನಗಿಸುವ ಅನಿಲ’ ಎಂದು ಕರೆಯುವ ವಸ್ತು.

ಇದನ್ನು ಕಾರಿಗೇಕೆ ಹಾಕುತ್ತಾರೆ ಎಂಬುದು ನನ್ನ ಮೊದಲ ಪ್ರಶ್ನೆಯಾಗಿತ್ತು. ಎಂಜಿನ್ನಿನ ಶಕ್ತಿಗೆ ಮಿತಿ ಹಾಕುವುದು ಪೆಟ್ರೋಲ್ ಅಲ್ಲ, ಅದು ಉರಿಯಲು ಬೇಕಾದ ಆಮ್ಲಜನಕ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಮ್ಲಜನಕ ಇರುವುದು ಶೇ 23ರಷ್ಟು. ನೈಟ್ರಸ್ ಆಕ್ಸೈಡ್‌ನಲ್ಲಿ ಶೇ 36ರಷ್ಟು. ಸಿಲಿಂಡರಿನೊಳಗೆ ದ್ರವವಾಗಿರುವ ಇದು ಹೊರಬಂದೊಡನೆ ಆವಿಯಾಗಿ ಒಳಹೋಗುವ ಗಾಳಿಯನ್ನು ತಣ್ಣಗಾಗಿಸುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಡೆದು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಅದಕ್ಕೆ ತಕ್ಕಷ್ಟು ಹೆಚ್ಚುವರಿ ಪೆಟ್ರೋಲ್ ಉಣಿಸಿದರೆ ಕೆಲವು ಕ್ಷಣ ಎಂಜಿನ್ ತನ್ನ ಹುಟ್ಟುಶಕ್ತಿಯನ್ನು ಮೀರಿ ದುಡಿಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ವಾಯುಪಡೆ, ಗಾಳಿ ತೆಳುವಾಗಿರುವ ಎತ್ತರದಲ್ಲಿ ಹಾರುವ ವಿಮಾನಗಳಿಗೆ ಇದೇ ಉಪಾಯವನ್ನು ಬಳಸಿತ್ತು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸಾಮಾನ್ಯ ಎಂಜಿನ್ ಚೆನ್ನೈಗಿಂತ ಸುಮಾರು ಶೇ 10ರಷ್ಟು ಕಡಿಮೆ ಶಕ್ತಿ ಕೊಡುತ್ತದೆ. ‘ಆ ಕೊರತೆಯನ್ನು ತುಂಬಿಕೊಳ್ಳುತ್ತಿದ್ದೇನೆ ಅಷ್ಟೇ, ಮಾವ’ ಎಂದು ಹುಡುಗ ನಕ್ಕ.

ಅವನ ಕೆಲಸದಲ್ಲಿ ಉಡಾಫೆ ಕಾಣಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಡಿಕ್ಕಿಯಲ್ಲಿ ಸಿಲಿಂಡರನ್ನು ಉಕ್ಕಿನ ಪಟ್ಟಿಗಳಿಂದ ಬಿಗಿದಿದ್ದ. ಒತ್ತಡ ಮಿತಿ ಮೀರಿದರೆ ಅನಿಲ ಪ್ರಯಾಣಿಕರತ್ತ ನುಗ್ಗದೆ ಕಾರಿನ ಹೊರಕ್ಕೆ ಹೋಗುವಂತೆ ಕೊಳವೆ ಇಟ್ಟಿದ್ದ. ಅಲ್ಲಿಂದ ಎಂಜಿನ್ನಿನವರೆಗಿನ ಉಕ್ಕಿನ ಹೆಣಿಗೆಯ ಪೈಪು ಸೈಲೆನ್ಸರಿನ ಬಿಸಿಗೂ ವಿದ್ಯುತ್ ತಂತಿಗೂ ತಾಗದಂತೆ ಹಾಯ್ದಿತ್ತು. ಅನಿಲಕ್ಕೊಂದು, ಪೆಟ್ರೋಲಿಗೊಂದು ವಿದ್ಯುತ್ ವಾಲ್ವ್; ಎರಡರ ಪ್ರಮಾಣವನ್ನೂ ನಿಗದಿಪಡಿಸುವ ಸಣ್ಣ ರಂಧ್ರದ ಜೆಟ್‌ಗಳು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಮಾತ್ರ, ಅದೂ ಎಂಜಿನ್ ನಿಮಿಷಕ್ಕೆ 3,000 ಸುತ್ತು ದಾಟಿದ ಮೇಲೆ ಮಾತ್ರ ವಾಲ್ವ್ ತೆರೆಯುವಂತೆ ಸ್ವಿಚ್. ಕಡಿಮೆ ವೇಗದಲ್ಲಿ ತೆರೆದರೆ ಅನಿಲ ಮತ್ತು ಪೆಟ್ರೋಲ್ ಎಂಜಿನ್ನಿನ ಬಾಯಲ್ಲೇ ಶೇಖರವಾಗಿ ಸಿಡಿಯಬಹುದು. ಪೆಟ್ರೋಲಿನ ಒತ್ತಡ ಕುಸಿದರೆ ಇಡೀ ವ್ಯವಸ್ಥೆ ತಾನಾಗಿ ನಿಲ್ಲುವಂತೆ ಇನ್ನೊಂದು ಸ್ವಿಚ್. ಕಿಡಿ ಹಾರುವ ಸಮಯವನ್ನು ಎರಡು ಡಿಗ್ರಿ ಹಿಂದಕ್ಕೆ ಸರಿಸಿದ್ದ, ಬೇಗ ತಣಿಯುವ ಪ್ಲಗ್‌ಗಳನ್ನು ಹಾಕಿದ್ದ. ಸಿಲಿಂಡರಿನ ಬ್ರಾಕೆಟ್ಟುಗಳನ್ನು ಪಕ್ಕದ ಶೆಡ್ಡಿನ ಟರ್ನರ್ ಒಬ್ಬರು ಮಾಡಿಕೊಟ್ಟಿದ್ದರಂತೆ. ಅವುಗಳ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಅಂಥ ಕೈಕೆಲಸವನ್ನು ನೋಡಿ ಸಂತೋಷಪಡದಿರುವುದು ಕಷ್ಟ.

ಆದರೆ ಈ ವಿದ್ಯೆಯಲ್ಲಿ ಅಂದಾಜಿಗೆ ಸ್ಥಾನವಿಲ್ಲ. ಅನಿಲ ಹೆಚ್ಚಾಗಿ ಪೆಟ್ರೋಲ್ ತುಸು ಕಡಿಮೆಯಾದರೂ ಒಳಗಿನ ಶಾಖ ಏರಿ ಕೆಲವೇ ಸೆಕೆಂಡುಗಳಲ್ಲಿ ಪಿಸ್ಟನ್ ಕರಗಬಹುದು. ಜೆಟ್‌ಗಳ ಅಳತೆಯನ್ನು ಹುಡುಗ ವಿದೇಶಿ ತಯಾರಕರ ಪಟ್ಟಿಯಿಂದ ಆರಿಸಿದ್ದ. ಅದು ಬರಿಯ ಪೆಟ್ರೋಲಿನ ಲೆಕ್ಕ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಇಂಧನ. ಅಷ್ಟೇ ಗಾಳಿಗೆ ಅದು ಹೆಚ್ಚು ಪ್ರಮಾಣದಲ್ಲಿ ಬೇಕು. ಪಟ್ಟಿಯನ್ನು ಅಕ್ಷರಶಃ ನಂಬಿದರೆ ಮಿಶ್ರಣ ಬಡವಾಗುವ ಅಪಾಯವಿದೆ. ಇನ್ನು ಸಿಲಿಂಡರಿನ ಒತ್ತಡ. ಕಾರಿನ ಟೈರಿನಲ್ಲಿ ಇರುವುದು ಚದರ ಅಂಗುಲಕ್ಕೆ ಸುಮಾರು 32 ಪೌಂಡ್. ಇಲ್ಲಿ ಬೇಕಾದದ್ದು ಸುಮಾರು 900 ಪೌಂಡ್. ಬಿಸಿಲಿನಲ್ಲಿ ಕಾರು ನಿಂತರೆ ಅದು ಇನ್ನೂ ಏರುತ್ತದೆ. ಇಷ್ಟೆಲ್ಲ ಮಾಡಿ ಪಡೆಯುವುದೇನು? ನಾಲ್ಕೂವರೆ ಕಿಲೋ ಅನಿಲ, ಐವತ್ತು ಅಶ್ವಶಕ್ತಿಯ ಹೆಚ್ಚಳಕ್ಕೆ, ಒಟ್ಟಾರೆ ಮೂರು ನಿಮಿಷಗಳ ಬಳಕೆಗೆ ಸಾಲುತ್ತದೆ.

‘ಆ ಮೂರು ನಿಮಿಷ ಎಲ್ಲಿ ಓಡಿಸುತ್ತೀಯಪ್ಪ?’ ಎಂದು ಕೇಳಿದೆ. ಹುಡುಗ ಹೊಸೂರು ರಸ್ತೆಯ ಕಡೆ ನೋಡಿದ. ಬಾಯಿಬಿಟ್ಟು ಹೇಳಲಿಲ್ಲ.

ಆ ಕಡೆ ಇರುವುದು 2010ರಲ್ಲಿ ಸಂಚಾರಕ್ಕೆ ತೆರೆದ, ಸಿಲ್ಕ್‌ಬೋರ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿ ನಡುವಿನ ಸುಮಾರು 10 ಕಿ.ಮೀ. ಉದ್ದದ ಮೇಲ್ಸೇತುವೆ. ಹಗಲಿನಲ್ಲಿ ವಾಹನಗಳು ತೆವಳುವ ಈ ನಗರದಲ್ಲಿ ರಾತ್ರಿ ಹನ್ನೊಂದರ ನಂತರ ಇಂಥ ರಸ್ತೆಗಳು ಯುವಕರನ್ನು ಕೈಬೀಸಿ ಕರೆಯುತ್ತವೆ. 2021ರ ಸೆಪ್ಟೆಂಬರ್ 14ರ ರಾತ್ರಿ ಇದೇ ಮೇಲ್ಸೇತುವೆಯಲ್ಲಿ ವೇಗವಾಗಿ ಬಂದ ಕಾರು, ಬದಿಯಲ್ಲಿ ನಿಂತಿದ್ದ ಬೈಕಿಗೆ ಬಡಿದು, ಅಲ್ಲಿದ್ದ ಇಬ್ಬರು ಕೆಳಗೆ ಬಿದ್ದು ಪ್ರಾಣ ಕಳೆದುಕೊಂಡರು. ಅದಕ್ಕೆ ಎರಡು ವಾರ ಮುಂಚೆ ಕೋರಮಂಗಲದಲ್ಲಿ ಕಾರೊಂದು ಕಂಬಕ್ಕೆ ಅಪ್ಪಳಿಸಿ ಅದರಲ್ಲಿದ್ದ ಏಳು ಮಂದಿಯೂ ಸತ್ತರು. ಈ ಯಾವ ಕಾರಿನಲ್ಲೂ ನೈಟ್ರಸ್ ಇತ್ತೆಂದು ನಾನು ಹೇಳುತ್ತಿಲ್ಲ. ನಮ್ಮ ರಸ್ತೆಗಳಲ್ಲಿ ಸಾಯಲು ಕಾರ್ಖಾನೆಯಿಂದ ಬಂದ ಎಂಜಿನ್ನೇ ಧಾರಾಳವಾಗಿ ಸಾಕು ಎಂಬುದಷ್ಟೇ ನನ್ನ ಮಾತು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಅಸುನೀಗಿದರು. ಅವರಲ್ಲಿ ಶೇ 71ರಷ್ಟು ಸಾವಿಗೆ ಅತಿವೇಗವೇ ಕಾರಣವೆಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಪಿಗೂ ಅವರ ಹೆಸರು ಪರಿಚಿತ. ಒಬ್ಬನ ಲಾಭದ ವೆಚ್ಚವನ್ನು ಆ ವ್ಯವಹಾರಕ್ಕೆ ಸಂಬಂಧವೇ ಇಲ್ಲದ ಇನ್ನೊಬ್ಬ ಭರಿಸಬೇಕಾದಾಗ ಪ್ರಭುತ್ವ ಮಧ್ಯೆ ಪ್ರವೇಶಿಸುವುದು ನ್ಯಾಯ ಎಂಬ ತರ್ಕವನ್ನು ಅವರು 1920ರಲ್ಲೇ ವಿಸ್ತಾರವಾಗಿ ಮಂಡಿಸಿದರು. ಪಿಸ್ಟನ್ ಕರಗಿದರೆ ನಷ್ಟ ನನ್ನ ಅಳಿಯನದು. ಅದು ಅವನ ದುಡ್ಡು, ಅವನ ಹಕ್ಕು. ಆದರೆ ರಾತ್ರಿ ಪಾಳಿ ಮುಗಿಸಿ ಬೊಮ್ಮಸಂದ್ರದ ಕಾರ್ಖಾನೆಯಿಂದ ಹೊರಬಂದು ರಸ್ತೆ ದಾಟುವ ಹೆಣ್ಣುಮಗಳು ಈ ಮೂರು ನಿಮಿಷಗಳ ಆನಂದದಲ್ಲಿ ಪಾಲು ಕೇಳಿದವಳಲ್ಲ. ಅದರ ಅಪಾಯದಲ್ಲಿ ಮಾತ್ರ ಅವಳಿಗೆ ಪಾಲಿದೆ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ನಂತರ ಇಂಥ ಪ್ರತಿಯೊಂದು ಮಾರ್ಪಾಡಿಗೂ ₹5,000 ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ಮಾಡುವುದು 189ನೇ ಸೆಕ್ಷನ್ ಅಡಿ ಅಪರಾಧ. ಅಧಿಕ ಒತ್ತಡದ ಸಿಲಿಂಡರುಗಳಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಅನ್ವಯಿಸುತ್ತವೆ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಪರಿಹಾರದ ಹಕ್ಕನ್ನೇ ಕಳೆಯಬಹುದು. ‘ಸಿಲಿಂಡರ್ ತುಂಬಿಸಿಕೊಟ್ಟವರು ಯಾರು? ಯಾವ ದಾಖಲೆಯ ಮೇಲೆ?’ ಎಂದು ಹುಡುಗನನ್ನು ಕೇಳಿದಾಗ ಅವನು ಸ್ಪ್ಯಾನರ್ ಒರೆಸತೊಡಗಿದ. ರೋಗಿಗಳಿಗೆಂದು ತಯಾರಾಗುವ ಅನಿಲ ದಾಖಲೆಯಿಲ್ಲದೆ ಕೈಬದಲಾಯಿಸುತ್ತಿದ್ದರೆ ಅದು ಕಾರಿನ ಹುಚ್ಚಿಗಿಂತ ದೊಡ್ಡ ವಿಷಯ. ಮೋಜಿಗಾಗಿ ಇದನ್ನೇ ಪದೇ ಪದೇ ಸೇದುವವರಲ್ಲಿ ಬಿ12 ಜೀವಸತ್ವ ನಿಷ್ಕ್ರಿಯವಾಗಿ ನರಗಳಿಗೆ ಹಾನಿಯಾಗುತ್ತದೆ ಎಂಬುದು ವೈದ್ಯಲೋಕಕ್ಕೆ ಚೆನ್ನಾಗಿ ತಿಳಿದ ಸಂಗತಿ.

ಹಾಗಾದರೆ ಕಾನೂನು ಸಾಲದೆ? ಸಾಲದು ಎಂದು ನನ್ನ ಅನುಭವ ಹೇಳುತ್ತದೆ. ಅಪರಾಧದ ಅರ್ಥಶಾಸ್ತ್ರ ಕುರಿತ ಗ್ಯಾರಿ ಬೆಕರ್ ಅವರ 1968ರ ಪ್ರಬಂಧದ ಸಾರ ಸರಳ: ದಂಡದ ಮೊತ್ತ ಎಷ್ಟು ಎಂಬುದರ ಜೊತೆಗೆ ಸಿಕ್ಕಿಬೀಳುವ ಸಂಭವ ಎಷ್ಟು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಈ ಸಾಮಾನುಗಳಿಗಾಗಿ ಹುಡುಗ ಎರಡು ತಿಂಗಳ ಸಂಬಳ ಸುರಿದಿದ್ದಾನೆ. ಅವನ ಪಾಲಿಗೆ ₹5,000 ಇನ್ನೊಂದು ಬಿಡಿಭಾಗದ ಬೆಲೆ. ಡಿಕ್ಕಿಯ ಮುಚ್ಚಳ ತೆರೆಸಿ ನೋಡುವ ಪೊಲೀಸರೂ ವಿರಳ. ಕಾನೂನು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುತ್ತಾರೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಸೇವೆಯಲ್ಲಿದ್ದಾಗ ಒಮ್ಮೆ ಕೆಲವು ಯುವಕರು, ಇನ್ನೂ ಮನೆಗಳು ಏಳದಿದ್ದ ಬಡಾವಣೆಯೊಂದರ ನೇರ ರಸ್ತೆಯನ್ನು ತಿಂಗಳಿಗೊಂದು ಭಾನುವಾರ, ಆಂಬುಲೆನ್ಸ್ ಮತ್ತು ಪೊಲೀಸರ ಸಮ್ಮುಖದಲ್ಲಿ, ಕಾಲ ಅಳೆಯುವ ಓಟಕ್ಕೆ ಕೊಡಬೇಕೆಂದು ಅರ್ಜಿ ಹಿಡಿದು ಬಂದಿದ್ದರು. ‘ನಿಯಮದಲ್ಲಿ ಅವಕಾಶವಿಲ್ಲ’ ಎಂದು ಷರಾ ಬರೆದು ಕಡತ ಮುಚ್ಚಿದೆ. ಲಿಖಿತ ಒಪ್ಪಿಗೆ ಕೊಡುವ ಅಧಿಕಾರವನ್ನು ಅದೇ 189ನೇ ಸೆಕ್ಷನ್ ಸರ್ಕಾರಕ್ಕೆ ಕೊಟ್ಟಿದೆ ಎಂಬುದು ನನಗೆ ಗೊತ್ತಿತ್ತು. ಆದರೆ ಇಲ್ಲವೆನ್ನುವ ಅಧಿಕಾರಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಆ ಯುವಕರು ಓಡಿಸುವುದನ್ನು ಬಿಟ್ಟರೆಂದು ನಾನು ನಂಬಿಲ್ಲ. ಎಲ್ಲಿ ಓಡಿಸಿದರೋ, ವಿಚಾರಿಸಲೂ ಇಲ್ಲ.

ನೆರೆಯ ತಮಿಳುನಾಡಿನ ಶ್ರೀಪೆರಂಬುದೂರ್ ಬಳಿ 1990ರಿಂದಲೂ, ಕೊಯಮತ್ತೂರಿನ ಬಳಿ 2003ರಿಂದಲೂ ರೇಸ್ ಟ್ರ್ಯಾಕ್‌ಗಳಿವೆ. ಬೆಂಗಳೂರಿನ ಹುಡುಗರು ಕಾರುಗಳನ್ನು ಹೊತ್ತು ಅಲ್ಲಿಗೆ ಹೋಗುತ್ತಾರೆ. ನಾನು ಸೂಚಿಸುವುದು ಅಷ್ಟು ದುಬಾರಿ ಟ್ರ್ಯಾಕ್ ಅನ್ನೂ ಅಲ್ಲ. ನೇರ ಓಟದ ಸ್ಪರ್ಧೆಗೆ ಬೇಕಾದದ್ದು ಕಾಲು ಮೈಲಿ, ಅಂದರೆ 402 ಮೀಟರ್ ರಸ್ತೆ, ನಿಲ್ಲಲು ಅದಕ್ಕಿಂತ ಹೆಚ್ಚು ಉದ್ದದ ಜಾಗ, ಎರಡು ಬದಿಗೆ ಭದ್ರವಾದ ತಡೆಗೋಡೆ. ರಾಷ್ಟ್ರಮಟ್ಟದ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಎಂಎಸ್‌ಸಿಐ ನಿಯಮಗಳಡಿ ತಪಾಸಣೆ ನಡೆಯಲಿ. ಸ್ಪರ್ಧೆಗೆಂದೇ ಮಾರ್ಪಡಿಸಿದ ಕಾರುಗಳಿಗೆ ಪ್ರತ್ಯೇಕ ವರ್ಗವನ್ನು ಗುರುತಿಸಿ, ಅವು ರಸ್ತೆಯಲ್ಲಿ ಟ್ರೇಲರ್ ಮೇಲೆ ಮಾತ್ರ ಸಾಗಲಿ. ಸಿಲಿಂಡರ್ ತುಂಬಿಸುವ ಪರವಾನಗಿದಾರರು ಪ್ರತಿ ಕಿಲೋಗೂ ಲೆಕ್ಕವಿಡಲಿ. ಇದಾದ ಮೇಲೂ ರಸ್ತೆಯಲ್ಲಿ ಸಿಕ್ಕವರ ವಾಹನವನ್ನು ಮುಟ್ಟುಗೋಲು ಹಾಕಿಕೊಳ್ಳಲಿ; ಆಗ ಆ ಕಠಿಣ ಕ್ರಮಕ್ಕೆ ನೈತಿಕ ಬಲವಿರುತ್ತದೆ.

ಇದು ಶ್ರೀಮಂತರ ಮಕ್ಕಳ ಮೋಜಿಗೆ ಸರ್ಕಾರದ ಭೂಮಿ ಕೇಳಿದಂತಾಗುವುದಿಲ್ಲವೇ ಎಂಬ ಆಕ್ಷೇಪ ಬರುತ್ತದೆ. ಅದನ್ನು ತಳ್ಳಿಹಾಕಲಾಗದು. ಆದ್ದರಿಂದಲೇ ಅದರ ಖರ್ಚನ್ನು ಪ್ರವೇಶ ಶುಲ್ಕದಿಂದ ಅವರೇ ಭರಿಸಬೇಕು. ಬೊಕ್ಕಸದಿಂದ ಒಂದು ರೂಪಾಯಿಯೂ ಹೋಗಕೂಡದು. ಪಿಗೂ ಹೇಳಿದ್ದೂ ಅದನ್ನೇ: ವೆಚ್ಚ ಮಾಡಿಸುವವನೇ ವೆಚ್ಚ ಭರಿಸಲಿ.

ಶೆಡ್ಡಿನಿಂದ ಹೊರಡುವಾಗ ಹುಡುಗನಿಗೆ ಉಪದೇಶ ಮಾಡಲಿಲ್ಲ. ರಸ್ತೆಗೆ ಇಳಿಯುವ ಮುನ್ನ ಸಿಲಿಂಡರನ್ನು ಕಳಚಿಡು, ಓಡಿಸಬೇಕೆನಿಸಿದಾಗ ಟ್ರ್ಯಾಕ್‌ಗೆ ಹೊತ್ತುಕೊಂಡು ಹೋಗು ಎಂದಷ್ಟೇ ಕೇಳಿಕೊಂಡೆ. ಬಹಳ ಹೊತ್ತು ಯೋಚಿಸಿ ಒಪ್ಪಿದ. ‘ಆದರೆ ಮಾವ, ಪ್ರತಿಸಲ ಮುನ್ನೂರು ಕಿಲೋಮೀಟರ್ ಹೋಗೋಕಾಗಲ್ಲ. ಇಲ್ಲೇ ಎಲ್ಲಾದರೂ ಜಾಗ ಕೊಡಿಸಿ, ರಸ್ತೆಗೆ ಬರೋದೇ ಇಲ್ಲ’ ಎಂದ. ಈ ಮಾತನ್ನು ನಾನು ಹಿಂದೆಯೂ ಕೇಳಿದ್ದೆ. ಆಗ ಕೈಯಲ್ಲಿ ಪೆನ್ನಿತ್ತು, ಮನಸ್ಸಿರಲಿಲ್ಲ. ಈಗ ಆ ಪೆನ್ನು ಯಾರ ಕೈಯಲ್ಲಿದೆಯೋ ಅವರು ಇದನ್ನು ಓದುತ್ತಿದ್ದರೆ, ಹಳೆಯ ಷರಾವನ್ನೇ ಮತ್ತೆ ಬರೆಯಬೇಡಿ ಎಂಬುದು ನನ್ನ ವಿನಂತಿ. ಹುಡುಗರ ಮಾತಿಗೂ ಒಂದು ವಾಯಿದೆ ಇರುತ್ತದೆ. ಡಿಕ್ಕಿಯಿಂದ ಇಳಿದ ಸಿಲಿಂಡರ್ ಸದ್ಯಕ್ಕೆ ಬೊಮ್ಮಸಂದ್ರದ ಶೆಡ್ಡಿನ ಗೋಡೆಗೆ ಸರಪಳಿಯಲ್ಲಿ ಬಿಗಿದು ನಿಂತಿದೆ. ಅದು ಅಲ್ಲೇ ಎಷ್ಟು ದಿನ ನಿಂತೀತು ಎಂಬುದು ಅವನೊಬ್ಬನ ಕೈಯಲ್ಲಿಲ್ಲ.