ನರಹುಲಿಗೆ ಕಟ್ಟಿದ ರೇಷ್ಮೆಯೆಳೆ

ಮೈಮೇಲಣ ನರಹುಲಿ, ಮಚ್ಚೆ, ಜೋಲುವ ಗುಳ್ಳೆಗಳನ್ನು ಮನೆಯಲ್ಲಿಯೇ ಕಳೆದುಕೊಳ್ಳುವ ಉಪಾಯಗಳು ನಮ್ಮ ಸೀಮೆಯಲ್ಲಿ ಬಹಳ. ಕೆಲವರು ಸುಣ್ಣ ಹಚ್ಚುವರು. ಕೆಲವರು ಗೇರಿನ ಎಣ್ಣೆಯಿಂದ ಸುಡುವರು. ನಾಲ್ಕಕ್ಷರ ಸಂಸ್ಕೃತ ಓದಿದ ನಾನೂ ಈ ಅವಿವೇಕಕ್ಕೆ ಹೊರತಾಗಲಿಲ್ಲವೆಂದು ವಾಚಕರಲ್ಲಿ ಒಪ್ಪಿಕೊಳ್ಳುವೆನು.

ನನ್ನ ಕೊರಳಲ್ಲಿ ಜೋಳದ ಕಾಳಿನಷ್ಟು ಗುಳ್ಳೆಯೊಂದು ಬಹುಕಾಲದಿಂದ ಇದ್ದಿತು. ಚಳ್ಳಕೆರೆಯಿಂದ ಮೊಳಕಾಲ್ಮೂರಿನ ತಂಗಿಯ ಮನೆಗೆ ಹೋಗಿದ್ದಾಗ, ನೆರೆಯ ಮಗ್ಗದ ಮನೆಯ ಅಜ್ಜಮ್ಮನವರು ಅದನ್ನು ಕಂಡು, "ಮೇಷ್ಟ್ರೇ, ಒಂದು ರೇಷ್ಮೆಯೆಳೆ ಬಿಗಿದು ಕಟ್ರಿ, ಅಮಾಸೆಯೊಳಗೆ ಉದುರಿಹೋಗ್ತದೆ" ಎಂದರು. ಕಟ್ಟಿದೆನು. ಮೂರನೆಯ ದಿನಕ್ಕೆ ಅದು ಊದಿ ಕೀವು ತುಂಬಿತು. ವೈದ್ಯರು ಎಳೆಯನ್ನು ಕತ್ತರಿಸುತ್ತ, "ಉದುರಿದ್ದರೆ ಬೀದಿಗೆ ಬಿಸುಡುತ್ತಿದ್ದಿರಿ. ಅದು ಎಂತಹ ಬೆಳವಣಿಗೆಯೆಂದು ಆಮೇಲೆ ಯಾರು ಹೇಳಬೇಕು?" ಎಂದರು. ಕೀವು ಆರಿದ ಬಳಿಕ ಗುಳ್ಳೆಯನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ಉತ್ತರಕ್ಕಾಗಿ ಕಾದ ಎಂಟು ದಿನ ನನಗೆ ನಿದ್ರೆಯಿಲ್ಲ. ಪುಣ್ಯವಶಾತ್ ಅದು ನಿರಪಾಯದ್ದಾಗಿತ್ತು.

ಸುಶ್ರುತಸಂಹಿತೆಯೂ ಮಶಕ, ತಿಲಕಾಲಕಗಳ ಲಕ್ಷಣಗಳನ್ನು ನಿದಾನಸ್ಥಾನದಲ್ಲಿ ಬೇರೆಬೇರೆಯಾಗಿ ಹೇಳಿ, ಅನಂತರವೇ ಚಿಕಿತ್ಸಾಸ್ಥಾನದಲ್ಲಿ ಶಸ್ತ್ರ, ಕ್ಷಾರ, ಅಗ್ನಿಗಳನ್ನು ವಿಧಿಸುತ್ತದೆ. ಮೊದಲು ಗುರುತು, ಆಮೇಲೆ ಚಿಕಿತ್ಸೆ.

ನರಹುಲಿಯು ವೈರಸ್ಸಿನಿಂದ ಹುಟ್ಟುವುದು. ಮಕ್ಕಳಲ್ಲಿ ಬಹುಪಾಲು ಎರಡು ವರ್ಷಗಳೊಳಗೆ ತಾನಾಗಿಯೇ ಮಾಯವಾಗುವುದು. ಹೋಗದಿದ್ದರೆ ಸ್ಯಾಲಿಸಿಲಿಕ್ ಆಮ್ಲವನ್ನು ಹಲವು ವಾರ ಹಚ್ಚಿಸುವರು; ಅಥವಾ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ದ್ರವ ಸಾರಜನಕದಿಂದ ಹಲವು ಸಲ ಹೆಪ್ಪುಗಟ್ಟಿಸುವರು. ಆದರೂ ಅದು ಮರಳಬಹುದು. ಜೋಲುವ ಗುಳ್ಳೆಯನ್ನು ಮರಗಟ್ಟಿಸಿ ಕತ್ತರಿಸುವರು, ಇಲ್ಲವೆ ವಿದ್ಯುತ್ತಿನಿಂದ ಸುಡುವರು. ಗಾಯದ ಹಕ್ಕಳೆ ಒಂದೆರಡು ವಾರದಲ್ಲಿ ತಾನೇ ಉದುರುವುದು, ಅದನ್ನು ಕೀಳಕೂಡದು. ನಮ್ಮ ಮೈಬಣ್ಣದವರಿಗೆ ಅಲ್ಲಿ ಕಪ್ಪು ಅಥವಾ ಬಿಳುಪು ಕಲೆ ಕೆಲವು ತಿಂಗಳು ಉಳಿಯಬಹುದು. ಕೆಲವರಿಗೆ ಕಲೆಯು ಉಬ್ಬುವುದೂ ಉಂಟು. ಸಕ್ಕರೆ ಕಾಯಿಲೆಯವರು ಅದನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು.

ಆದರೆ ಬೆಳೆಯುತ್ತಿರುವ, ಬಣ್ಣ ಬದಲಿಸಿದ, ಅಂಚು ಕೆಟ್ಟ, ರಕ್ತ ಒಸರುವ ಮಚ್ಚೆಗೆ ಮನೆಯ ಮದ್ದು ಸಲ್ಲದು. ಅಂಗಾಲಿನಲ್ಲಾಗಲಿ ಉಗುರಿನಡಿಯಲ್ಲಾಗಲಿ ಹೊಸದಾಗಿ ಕಪ್ಪು ಕಂಡರೆ ತಡಮಾಡದೆ ತೋರಿಸಬೇಕು. ಅದು ಅರ್ಬುದವೂ ಆಗಿರಬಹುದು.

ಇದನ್ನು ಹೇಳಿದಾಗ ಆ ಅಜ್ಜಮ್ಮನವರು ಮೆಲ್ಲನೆ ಕಾಲು ಚಾಚಿದರು. ಅಂಗಾಲಿನಲ್ಲಿ ಬೆರಳುಗುರಿನಷ್ಟು ಕಪ್ಪು ಮಚ್ಚೆ. ಒಂದು ವರ್ಷದಿಂದ ಹರಡುತ್ತಿದೆಯಂತೆ. ಬರುವ ಸೋಮವಾರ ಅವರನ್ನು ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಕರೆದೊಯ್ಯುವೆನು. ವಾಚಕರೂ ತಮ್ಮ ಮನೆಯ ಹಿರಿಯರ ಅಂಗಾಲನ್ನು ಇಂದೇ ಒಮ್ಮೆ ನೋಡಲಿ.